ಗಲ್ಲಾ ಪಕ್ಕದ ಮಾತಾಡುವ ಪೆಟ್ಟಿಗೆ: ಒಂದು ಬೇಕರಿಯ ಅನುಭವ

ಯುಪಿಐನಲ್ಲಿ ದುಡ್ಡು ಬಂದ ಕೂಡಲೇ ಎಷ್ಟು ಬಂತು ಅಂತ ಕೂಗಿ ಹೇಳುವ ಸೌಂಡ್‌ಬಾಕ್ಸ್ ತಗೊಳ್ಳಬೇಕಾ ಬೇಡ್ವಾ ಅಂತ ಚಿಕ್ಕ ಅಂಗಡಿಯವರು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೆ. ಗಲ್ಲಾದಲ್ಲಿ ಕೂತವರೇ ಸಾಮಾನೂ ಕಟ್ಟಿಕೊಡಬೇಕಾದ ಅಂಗಡಿಯಾದರೆ ತಗೊಳ್ಳಿ. ಒಂದೇ ಒಂದು ತಗೊಳ್ಳಿ. ಬಾಡಿಗೆ ಎಷ್ಟು, ವಾಪಸ್ ಕೊಡುವುದು ಹೇಗೆ ಅಂತ ಮೊದಲೇ ಕೇಳಿಕೊಂಡು ತಗೊಳ್ಳಿ.

ನಮ್ಮದು ಬೆಂಗಳೂರಿನ ವಿಜಯನಗರದಲ್ಲಿ ಒಂದು ಬೇಕರಿ. ಊರು ಚನ್ನರಾಯಪಟ್ಟಣದ ಕಡೆ. ಹಿಂದೆ ಭಟ್ಟಿ ನಮ್ಮ ಯಜಮಾನರದ್ದು, ಮುಂದೆ ಗಲ್ಲಾ ನನ್ನದು. ಸಂಜೆ ನಾನು ಮನೆಗೆ ಹೋಗಿ ಅಡುಗೆ ಮುಗಿಸಿ ಬರುವ ತನಕ ಮಾವ ಕೂರುತ್ತಾರೆ. ಟೀ, ಪಫ್, ಖಾರ ಬನ್, ದಿಲ್‌ಪಸಂದ್, ಬ್ರೆಡ್ಡು, ಹಾಲಿನ ಪ್ಯಾಕೆಟ್, ಸಿಗರೇಟು. ಹುಟ್ಟುಹಬ್ಬದ ಕೇಕ್ ಬಿಟ್ಟರೆ ಒಬ್ಬೊಬ್ಬರ ಲೆಕ್ಕ 15 ರೂಪಾಯಿ, 30 ರೂಪಾಯಿ, ಜಾಸ್ತಿ ಅಂದರೆ 100. ಅದೂ ಬೆಳಿಗ್ಗೆ ಮತ್ತು ಸಂಜೆ, ಎಲ್ಲರೂ ಒಟ್ಟಿಗೇ ಬರುತ್ತಾರೆ.

ಈ ಪೆಟ್ಟಿಗೆ ಬರುವ ಮುಂಚೆ ಏನಾಗುತ್ತಿತ್ತು ಅಂದರೆ, ಗಿರಾಕಿ ಸ್ಕ್ಯಾನ್ ಮಾಡಿ ಫೋನನ್ನು ನಮ್ಮ ಮುಖದ ಮುಂದೆ ಹಿಡಿದು ತೋರಿಸಿ ಹೊರಟುಬಿಡುತ್ತಿದ್ದರು. ಹಸಿರು ಟಿಕ್ಕು ಕಂಡರೆ ಸಾಕು, ದುಡ್ಡು ಬಂತು ಅಂತ ನಂಬಬೇಕಿತ್ತು. ಹಳೆ ಸ್ಕ್ರೀನ್‌ಶಾಟ್ ತೋರಿಸುವವರಿದ್ದರು. ಹಸಿರು ಟಿಕ್ಕು ಬರಿಸುವ ನಕಲಿ ಆ್ಯಪ್‌ಗಳೇ ಇವೆ. ಕೈತುಂಬ ಬೆಣ್ಣೆ ಮೆತ್ತಿಕೊಂಡು ಪ್ರತಿ 15 ರೂಪಾಯಿಗೂ ಫೋನ್ ತೆಗೆದು ಮೆಸೇಜ್ ನೋಡೋದಕ್ಕೆ ಆಗುತ್ತದಾ? ಯುಪಿಐ ಶುರುವಾಗಿದ್ದು 2016ರಲ್ಲಿ. ಈ ಪೆಟ್ಟಿಗೆ ಅಂಗಡಿಗಳಿಗೆ ಬರಲು ಮತ್ತೆ ಕೆಲವು ವರ್ಷ ಹಿಡಿಯಿತು. ಮೊದಲು ಪೇಟಿಎಂನವರು ತಂದರು, ಆಮೇಲೆ ಫೋನ್‌ಪೇ, ಭಾರತ್‌ಪೇ ಎಲ್ಲರೂ. ನಾನು ಬಳಸಿರುವ ಎರಡು ಪೆಟ್ಟಿಗೆಗಳ ಕಂಪನಿ ಹೆಸರು ಇಲ್ಲಿ ಬೇಡ. ಕೆಲಸದಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಪೆಟ್ಟಿಗೆ ಹೀಗಿದೆ. ಮುಂದೆ ಕ್ಯೂಆರ್, ಪಕ್ಕದಲ್ಲಿ ಸೌಂಡ್ ಏರಿಸಲು ಇಳಿಸಲು ಗುಂಡಿ, ಕೊನೆಯ ಪೇಮೆಂಟನ್ನು ಮತ್ತೆ ಹೇಳಿಸಲು ಇನ್ನೊಂದು ಗುಂಡಿ. ಒಳಗೆ ಅದರದ್ದೇ ಸಿಮ್ ಇದೆ, ಬ್ಯಾಟರಿ ಇದೆ. ನಮ್ಮ ಫೋನು ಮನೆಯಲ್ಲಿದ್ದರೂ ಅದರ ಪಾಡಿಗೆ ಅದು ಕೂಗುತ್ತದೆ. ಗಿರಾಕಿಯ ಬ್ಯಾಂಕಿನಿಂದ ದುಡ್ಡು ಹೊರಟು ಕಂಪನಿಯ ಸರ್ವರ್‌ಗೆ ಸುದ್ದಿ ಮುಟ್ಟಿದ ಮೇಲೆ, ಅಲ್ಲಿಂದ ಈ ಸಿಮ್‌ಗೆ ಸಂದೇಶ ಬರುತ್ತದೆ. ತಂದುಕೊಟ್ಟ ದಿನ ಹಿಂದಿಯಲ್ಲಿ ಮಾತಾಡುತ್ತಿತ್ತು. ಆ್ಯಪ್‌ನಲ್ಲಿ ಭಾಷೆ ಬದಲಾಯಿಸಬಹುದು, ಕಷ್ಟವೇನಿಲ್ಲ. ‘ಮೂವತ್ತು ರೂಪಾಯಿ ಸ್ವೀಕರಿಸಲಾಗಿದೆ’ ಅನ್ನುತ್ತದೆ, ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟ್ ಥರ. ಫೋನ್‌ಪೇ ಪೆಟ್ಟಿಗೆಯಲ್ಲಿ ಕಿಚ್ಚ ಸುದೀಪ್ ದನಿ ಹಾಕಿಕೊಳ್ಳಬಹುದು. ನಮ್ಮ ಸಾಲಿನ ಜ್ಯೂಸ್ ಅಂಗಡಿಯಲ್ಲಿ ಅದೇ ಇದೆ. ಕಾಲೇಜು ಹುಡುಗರಿಗೆ ಖುಷಿಯೋ ಖುಷಿ.

ಇದರಿಂದ ನಿಜವಾದ ಉಪಕಾರ ಆಗಿದ್ದು ಮಾವನಿಗೆ. ಅವರಿಗೆ ಕಣ್ಣು ಮಂಜು, ಫೋನಿನ ಅಕ್ಷರ ಓದಲು ಬರುವುದಿಲ್ಲ. ಮೊದಲೆಲ್ಲ ಸಂಜೆ ಹೊತ್ತು ‘ಕ್ಯಾಶ್ ಇದ್ರೆ ಕೊಡಪ್ಪ’ ಅಂತ ಎಲ್ಲರನ್ನೂ ಕೇಳುತ್ತಿದ್ದರು. ಈಗ ಪೆಟ್ಟಿಗೆ ಕೂಗುವ ತನಕ ಪೊಟ್ಟಣ ಕೈಯಿಂದ ಬಿಡುವುದಿಲ್ಲ. ‘ಕೂಗ್ಲಿ ಇರಪ್ಪ’ ಅನ್ನುತ್ತಾರೆ. ಗಿರಾಕಿಗಳೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಫೋನ್ ತೆಗೆದು ನೋಡಿದರೆ ಅನುಮಾನ ಪಟ್ಟಂತೆ ಕಾಣುತ್ತದೆ, ಪೆಟ್ಟಿಗೆಗೆ ಕಾದರೆ ಹಾಗೆ ಕಾಣುವುದಿಲ್ಲ. ತಿಂಗಳ ಬಾಡಿಗೆ 125 ರೂಪಾಯಿ ಇದೊಂದಕ್ಕೇ ಸಲ್ಲುತ್ತದೆ.

ಇನ್ನು ತೊಂದರೆಗಳು. ಇಬ್ಬರು ಒಟ್ಟಿಗೆ ಎರಡೆರಡು ಟೀ ಕುಡಿದು 30, 30 ಹಾಕಿದರೆ ಪೆಟ್ಟಿಗೆ ಹೆಸರು ಹೇಳುವುದಿಲ್ಲ. ಒಂದು ಸಲ ಕೂಗಿ ಸುಮ್ಮನಾದರೆ ಇಬ್ಬರೂ ‘ನಂದೇ ಅಕ್ಕ’ ಅನ್ನುತ್ತಾರೆ. ಆಗ ಫೋನ್ ತೆಗೆದು ಹೆಸರು ನೋಡಲೇಬೇಕು. ಸಂಜೆ ರಶ್ಶಿನಲ್ಲಿ ನೆಟ್‌ವರ್ಕ್ ಜಾಮ್ ಆದರೆ ಇನ್ನೊಂದು ಫಜೀತಿ. ದುಡ್ಡು ಕಟ್ ಆಗಿರುತ್ತದೆ, ಪೆಟ್ಟಿಗೆ ಗಪ್‌ಚುಪ್. ಗಿರಾಕಿ ಸ್ಕ್ರೀನ್ ತೋರಿಸಿಕೊಂಡು ನಿಂತಿರುತ್ತಾರೆ, ಹಿಂದೆ ನಾಲ್ಕು ಜನ. ಗೊತ್ತಿರುವ ಮುಖವಾದರೆ ಹೋಗಿ ಅನ್ನುತ್ತೇನೆ. ಅವರು ರಸ್ತೆ ದಾಟಿದ ಮೇಲೆ ನಿಧಾನಕ್ಕೆ ಕೂಗುತ್ತದೆ.

ಒಂದು ಉಪಾಯ ಹೇಳುತ್ತೇನೆ, ಇದು ಯಾವ ಕಂಪನಿಯವರೂ ಹೇಳಿಕೊಡುವುದಿಲ್ಲ. ಬೆಳಿಗ್ಗೆ ಬೋಣಿಗೆ ಮುಂಚೆ ನಮ್ಮ ಯಜಮಾನರ ಫೋನಿನಿಂದ ನಮ್ಮದೇ ಕ್ಯೂಆರ್‌ಗೆ 1 ರೂಪಾಯಿ ಹಾಕುತ್ತೇನೆ. ಪೆಟ್ಟಿಗೆ ಎದ್ದಿದೆಯಾ ಅಂತ ಗೊತ್ತಾಗುತ್ತದೆ. ಸ್ಕ್ಯಾನ್ ಮಾಡಿದಾಗ ನಮ್ಮದೇ ಹೆಸರು ಬರುತ್ತದಾ ಅಂತಲೂ ಗೊತ್ತಾಗುತ್ತದೆ. ರಾತ್ರಿ ಯಾರೋ ಅವರ ಕ್ಯೂಆರ್ ಸ್ಟಿಕ್ಕರನ್ನು ಅಂಗಡಿಯವರ ಸ್ಟಿಕ್ಕರ್ ಮೇಲೆ ಅಂಟಿಸಿ ಹೋಗುವ ಮೋಸ ಇದೆಯಲ್ಲ, ಅದಕ್ಕೆ ಇದೇ ಮದ್ದು. ಇನ್ನೊಂದು ಮಾತು, ದುಡ್ಡು ಬರುವುದಕ್ಕೆ ನಿಮ್ಮ ಪಿನ್ ಯಾವತ್ತೂ ಬೇಕಾಗುವುದಿಲ್ಲ. ಪಿನ್ ಒತ್ತಿ ಅಂತ ಫೋನ್ ಮಾಡುವವರು ಕಳ್ಳರೇ.

2025ರ ಏಪ್ರಿಲ್ 12, ಶನಿವಾರ, ದೇಶದ ತುಂಬ ಯುಪಿಐ ಕೈಕೊಟ್ಟಿತಲ್ಲ, ಆವತ್ತು ಪೆಟ್ಟಿಗೆಯ ದೀಪವೇನೋ ಉರಿಯುತ್ತಿತ್ತು, ಹೇಳಲು ಏನೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಹೆಚ್ಚಿನವರು ಬಂದು ಕೊಟ್ಟರು. ನಿಜವಾದ ಪೀಕಲಾಟ ಆಗಿದ್ದು ಚಿಲ್ಲರೆಗೆ. ಮೊದಲು ಬಸ್ಸಿನ ಕಂಡಕ್ಟರ್‌ಗಳು ಟೀಗೆ ಬಂದಾಗ ನೋಟು ತಗೊಂಡು ಚಿಲ್ಲರೆ ಕೊಡುತ್ತಿದ್ದರು. ಈಗ ಬಿಎಂಟಿಸಿ ಬಸ್ಸಿನಲ್ಲೂ ಕ್ಯೂಆರ್ ಅಂಟಿಸಿದ್ದಾರೆ, ಅವರ ಚೀಲವೂ ಹಗುರ. ಬ್ಯಾಂಕಿನಲ್ಲಿ ನಾಣ್ಯ ಕೇಳಿದರೆ ಮುಖ ನೋಡುತ್ತಾರೆ. ಇದರಿಂದ ತೊಂದರೆ ಆಗಿರುವುದು ನೋಟು ತರುವ ವಯಸ್ಸಾದವರಿಗೆ. 17 ರೂಪಾಯಿ ಸಾಮಾನಿಗೆ 20 ಕೊಟ್ಟು 3 ರೂಪಾಯಿಗೆ ಕಾಯುತ್ತಾ ನಿಂತಿರುತ್ತಾರೆ. ಅಷ್ಟರಲ್ಲಿ ಹಿಂದಿನ ಮೂರು ಜನ ಸ್ಕ್ಯಾನ್ ಮಾಡಿ ಹೋಗಿರುತ್ತಾರೆ. ಚಿಲ್ಲರೆ ಬದಲು ಚಾಕೊಲೇಟ್ ಕೊಡುವ ಕಾಲವೂ ಹೋಯಿತು, ಆ ಡಬ್ಬಿ ಖಾಲಿಯಾಗಲು ಈಗ ವಾರಗಟ್ಟಲೆ ಬೇಕು. ಸಿಗರೇಟಿಗೆ ಮಾತ್ರ ಹುಡುಕಿ ಹುಡುಕಿ ನೋಟು ಕೊಡುವವರಿದ್ದಾರೆ. ಮನೆಯಲ್ಲಿ ಸ್ಟೇಟ್‌ಮೆಂಟ್ ನೋಡುತ್ತಾರಂತೆ!

ಪೆಟ್ಟಿಗೆ ಜೋರಾಗಿ ಕೂಗುವುದು ಗಿರಾಕಿಗಷ್ಟೇ ಅಲ್ಲ, ಸರ್ಕಾರಕ್ಕೂ ಕೇಳುತ್ತದೆ ಅನ್ನುವುದು ನಮ್ಮ ಬೀದಿಗೆಲ್ಲ ಅರ್ಥವಾಗಿದ್ದು 2025ರ ಜುಲೈನಲ್ಲಿ. ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ಲೆಕ್ಕ ತರಿಸಿಕೊಂಡು, 2021-22ರಿಂದ ಯಾರ ಅಕೌಂಟಿಗೆ ಎಷ್ಟು ಬಂದಿದೆ ಅಂತ ನೋಡಿ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆಲ್ಲ ನೋಟಿಸ್ ಕಳಿಸಿದರು. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಲೇಬೇಕು. 40 ಲಕ್ಷ ಅಂದರೆ ದೊಡ್ಡ ಮೊತ್ತ ಅನ್ನಿಸುತ್ತದೆ. ದಿನದ ಲೆಕ್ಕಕ್ಕೆ ಇಳಿಸಿದರೆ ಸುಮಾರು 11,000. ಹಾಲು, ಸಿಗರೇಟು ಮಾರುವ ಮೂಲೆ ಬೇಕರಿಗೆ ಅದು ಆಗಿಬಿಡುತ್ತದೆ. ಅದರಲ್ಲಿ ಲಾಭ ಎಷ್ಟು ಅಂತ ಕೇಳಬೇಡಿ. ಹಾಲಿಗೆ, ಬ್ರೆಡ್ಡಿಗೆ ತೆರಿಗೆಯೇ ಇಲ್ಲ. ಆದರೆ ಬಂದ 30 ರೂಪಾಯಿ ಹಾಲಿನದೋ ಪಫ್ಫಿನದೋ ಅಂತ ಪೆಟ್ಟಿಗೆಗೆ ಗೊತ್ತಿಲ್ಲ, ಇಲಾಖೆಯ ಕಂಪ್ಯೂಟರಿಗೂ ಗೊತ್ತಿಲ್ಲ.

ಆ ವಾರ ನಮ್ಮ ಸಾಲಿನಲ್ಲಿ ಅರ್ಧಕ್ಕರ್ಧ ಅಂಗಡಿಯವರು ಕ್ಯೂಆರ್ ಮೇಲೆ ಪೇಪರ್ ಅಂಟಿಸಿ ‘ಓನ್ಲಿ ಕ್ಯಾಶ್’ ಅಂತ ಬರೆದರು. ನಾವು ಕ್ಯೂಆರ್ ಮುಚ್ಚಲಿಲ್ಲ. ಜೇಬಿನಲ್ಲಿ ನೋಟು ಇಲ್ಲದ ಹುಡುಗರು ಪೇಪರ್ ನೋಡಿ ಹಾಗೇ ಮುಂದೆ ಹೋಗುತ್ತಿದ್ದರು, ಕಣ್ಣೆದುರೇ. ಜುಲೈ 25ಕ್ಕೆ ಬಂದ್ ಅಂತ ಕರೆ ಇತ್ತು. ಅದಕ್ಕೆ ಮುಂಚೆ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಜೊತೆ ಮಾತಾಡಿ, ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಎಲ್ಲರೂ ನೋಂದಣಿ ಮಾಡಿಕೊಳ್ಳಬೇಕು ಅಂದರು. ಬಂದ್ ಕೈಬಿಟ್ಟರು. ಪೇಪರ್‌ಗಳು ಒಂದೊಂದಾಗಿ ಕಿತ್ತುಬಂದವು. ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕತ್ತಿನ ತೆರಿಗೆ 18ರಿಂದ 5 ಪರ್ಸೆಂಟಿಗೆ ಇಳಿಯಿತು, ಅದು ಬೇರೆ ಕಥೆ.

ತೆರಿಗೆ ಕಟ್ಟಬಾರದು ಅಂತ ನಾನು ಹೇಳುತ್ತಿಲ್ಲ. ವರ್ಷಕ್ಕೆ 1.5 ಕೋಟಿ ತನಕ ವ್ಯಾಪಾರ ಇರುವವರಿಗೆ ಕಾಂಪೊಸಿಷನ್ ಅಂತ ಒಂದು ದಾರಿ ಇದೆ, ಸಾಮಾನು ಮಾರುವವರು ವ್ಯಾಪಾರದ 1 ಪರ್ಸೆಂಟ್ ಕಟ್ಟಿದರೆ ಆಯಿತು. ನನ್ನ ತಕರಾರು ಪೆಟ್ಟಿಗೆ ಮಾರಲು ಬರುವವರ ಮೇಲೆ. ‘ಏನೂ ಖರ್ಚಿಲ್ಲ ಅಕ್ಕ, ಬರೀ ಲಾಭ’ ಅಂತ ಕೊಟ್ಟು ಹೋಗುತ್ತಾರೆ. ಈ ಕ್ಯೂಆರ್‌ಗೆ ವ್ಯಾಪಾರದ ದುಡ್ಡು ಮಾತ್ರ ಬರಲಿ, ಚೀಟಿ ದುಡ್ಡು, ಕೈಸಾಲ, ತಂಗಿ ಮದುವೆ ದುಡ್ಡು ಬೇರೆ ಅಕೌಂಟಿಗೆ ಹೋಗಲಿ ಅಂತ ಒಂದು ಮಾತು ಹೇಳುವುದಿಲ್ಲ. ನಮ್ಮ ಪಕ್ಕದ ಹೂವಿನವರಿಗೆ ಇಡೀ ಬೀದಿಯ ಚೀಟಿ ದುಡ್ಡು ಅದೇ ಕ್ಯೂಆರ್‌ಗೆ ಬರುತ್ತಿತ್ತು. ಆಡಿಟರ್ ಮುಂದೆ ಕೂತು ಒಂದೊಂದೇ ಎಂಟ್ರಿ ಬಿಡಿಸುವಷ್ಟರಲ್ಲಿ ಅವರಿಗೆ ಸಾಕುಸಾಕಾಯಿತು.

ಸರ್ವಿಸ್ ಬಗ್ಗೆ ಸ್ವಲ್ಪ. ಒಂದು ಕಂಪನಿಯ ಪೆಟ್ಟಿಗೆಯನ್ನು ವಾಪಸ್ ಕೊಟ್ಟ ಮೇಲೂ ಬಾಡಿಗೆ ಕಟ್ ಆಗುತ್ತಲೇ ಇತ್ತು. ತಗೊಂಡು ಹೋದ ಹುಡುಗನಿಗೆ ಫೋನ್ ಮಾಡಿದರೆ ಅವನು ಕೆಲಸ ಬಿಟ್ಟಿದ್ದ. ಕಸ್ಟಮರ್ ಕೇರ್‌ನಲ್ಲಿ ಕನ್ನಡಕ್ಕೆ 4 ಒತ್ತಿ ಅಂತ ಬರುತ್ತದೆ, ಒತ್ತಿದರೆ ಮಾತಾಡುವವರು ಹಿಂದಿಯವರು. ಜಗಳವಾಡಿ ಕೊನೆಗೆ ನಿಲ್ಲಿಸಿದೆವು, ಕಟ್ ಆಗಿದ್ದು ಪೂರ್ತಿ ವಾಪಸ್ ಬರಲಿಲ್ಲ. ಪೆಟ್ಟಿಗೆ ವಾಪಸ್ ಕೊಡುವಾಗ ಕ್ಲೋಸ್ ಆಗಿದೆ ಅಂತ ಆ್ಯಪ್‌ನಲ್ಲಿ ತೋರಿಸುವ ತನಕ ಕೈಗೆ ಕೊಡಬೇಡಿ, ಅದರ ಫೋಟೊ ಇಟ್ಟುಕೊಳ್ಳಿ. ಇನ್ನೊಂದು, ನಮ್ಮದರಲ್ಲಿ ಇವತ್ತಿನ ದುಡ್ಡು ಅಕೌಂಟಿಗೆ ಬರುವುದು ನಾಳೆ. ಮೈದಾದವರು ಸಂಜೆ ಬಂದು ನಿಂತರೆ ಆ್ಯಪ್‌ನಲ್ಲಿ ಗುಂಡಿ ಒತ್ತಿ ಆಗಲೇ ತರಿಸಿಕೊಳ್ಳಬೇಕು.

ಅಂಕ ಕೊಡಲೇಬೇಕು ಅಂದರೆ ಪೆಟ್ಟಿಗೆಗೆ 5ಕ್ಕೆ 4, ಅದರ ಹಿಂದೆ ಇರುವ ಸರ್ವಿಸ್‌ಗೆ 2.

125 ರೂಪಾಯಿ ಬಾಡಿಗೆಯಲ್ಲಿ ಈ ಪೆಟ್ಟಿಗೆ ಕಂಪನಿಯವರಿಗೆ ಏನು ಉಳಿಯುತ್ತದೆ ಅಂತ ನನಗೆ ಮೊದಲಿನಿಂದ ಕುತೂಹಲ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐನಲ್ಲಿ 2,000 ಕೋಟಿಗೂ ಜಾಸ್ತಿ ಸಲ ಪೇಮೆಂಟ್ ಆಯಿತು, ಅದರಲ್ಲಿ ನಮ್ಮ 15 ರೂಪಾಯಿ ಟೀಗಳೂ ಸೇರಿವೆ. 2020ರಿಂದ ಬ್ಯಾಂಕ್ ಅಕೌಂಟಿನಿಂದ ಮಾಡುವ ಯುಪಿಐ ಪೇಮೆಂಟಿಗೆ ಅಂಗಡಿಯವರ ಹತ್ತಿರ ಕಮಿಷನ್ ತಗೊಳ್ಳುವ ಹಾಗಿಲ್ಲ. ಹಾಗಾದರೆ? ಉತ್ತರ ಈಗ ಆ್ಯಪ್ ತೆಗೆದ ಕೂಡಲೇ ಕಾಣುತ್ತದೆ: ‘ನಿಮಗೆ 2 ಲಕ್ಷ ಸಾಲ ರೆಡಿ.’ ದಿನಾ ಎಷ್ಟು ವ್ಯಾಪಾರ, ಯಾವ ಹೊತ್ತಿನಲ್ಲಿ ಜಾಸ್ತಿ, ಎಲ್ಲ ಅವರಿಗೆ ಗೊತ್ತು. ಕಂತು ತಿಂಗಳಿಗೊಮ್ಮೆ ಅಲ್ಲ, ದಿನಾ ಬರುವ ದುಡ್ಡಿನಲ್ಲೇ ಕಟ್ ಆಗುತ್ತದೆ. ಹೊಸ ಓವನ್ ಬೇಕು ಅಂತ ಯಜಮಾನರಿಗೆ ಆಸೆ ಇದೆ. ಕಂಪನಿ ಹುಡುಗ ಬಂದಾಗ ಎರಡೇ ಪ್ರಶ್ನೆ ಕೇಳಿದೆ. ಒಟ್ಟು ವಾಪಸ್ ಕಟ್ಟುವುದು ಎಷ್ಟು? ಹಬ್ಬಕ್ಕೆ ಊರಿಗೆ ಹೋಗಿ ವಾರ ಅಂಗಡಿ ಮುಚ್ಚಿದರೆ ಆ ವಾರದ ಕಂತು ಏನಾಗುತ್ತದೆ? ‘ಮ್ಯಾನೇಜರ್ ಹತ್ರ ಕೇಳಿ ಹೇಳ್ತೀನಿ ಅಕ್ಕ’ ಅಂದು ಟೀ ಕುಡಿದು ಹೋದ. ಸ್ಕ್ಯಾನ್ ಮಾಡಿ 15 ರೂಪಾಯಿ ಕೊಟ್ಟೇ ಹೋದ. ಇನ್ನೂ ಬಂದಿಲ್ಲ.