ಮೂರು ಟ್ರಿಪೆಲ್, ಎರಡು ಸುತ್ತು: ಶಿಮೇ, ವೆಸ್ಟ್‌ಮಾಲೆ, ಕಾರ್ಮೆಲಿಯೆಟ್

ಟ್ರಿಪೆಲ್ ಎಂದರೆ ಬೆಲ್ಜಿಯಂನ ಚಿನ್ನದ ಬಣ್ಣದ, ಕಡಕ್ ಬಿಯರ್. ಫ್ರಿಜ್‌ನಿಂದ ತೆಗೆದು ನೇರವಾಗಿ ಸುರಿದರೆ ಈ ಮೂರರಲ್ಲಿ ಗೆಲ್ಲುವುದು ಟ್ರಿಪೆಲ್ ಕಾರ್ಮೆಲಿಯೆಟ್. ಅವೇ ಗ್ಲಾಸುಗಳನ್ನು ಇಪ್ಪತ್ತು ನಿಮಿಷ ಮೇಜಿನ ಮೇಲೆ ಬಿಟ್ಟು ಮತ್ತೆ ರುಚಿ ನೋಡಿ, ವೆಸ್ಟ್‌ಮಾಲೆ ಮುಂದೆ ಬಂದಿರುತ್ತದೆ. ಆದ್ದರಿಂದ ಒಂದೇ ಗುಟುಕಿಗೆ ತೀರ್ಪು ಕೊಡಬೇಡಿ.

ಮೊದಲು ಅಳತೆ. 9.5 ಶೇಕಡಾದ 330 ಮಿಲಿ ಬಾಟಲಿಯಲ್ಲಿ ಸುಮಾರು 25 ಗ್ರಾಂ ಆಲ್ಕೋಹಾಲ್ ಇರುತ್ತದೆ. 5 ಶೇಕಡಾದ ಲಾಗರ್‌ನ (ಸಾಮಾನ್ಯವಾಗಿ ಸಿಗುವ ತಿಳಿ ಬಿಯರ್) ಅಷ್ಟೇ ದೊಡ್ಡ ಬಾಟಲಿಯಲ್ಲಿರುವುದು 13 ಗ್ರಾಂ. ಹಾಗಾಗಿ ಒಂದು ಬಾಟಲಿ ಮೂವರಿಗೆ, ತಲಾ 100 ಮಿಲಿ ಸಾಕು. ಬಾಟಲಿಯೊಳಗೇ ಮರುಹುದುಗು ನಡೆಯುವ ಬಿಯರ್ ಇವು. ಒಂದು ದಿನ ಮೊದಲೇ ನೆಟ್ಟಗೆ ನಿಲ್ಲಿಸಿಟ್ಟರೆ ಯೀಸ್ಟ್‌ನ ಗಸಿ ತಳ ಸೇರುತ್ತದೆ. ಮೂರಕ್ಕೂ ಒಂದೇ ಆಕಾರದ ಅಗಲ ಬಾಯಿಯ ಗ್ಲಾಸು ಬೇಕು. ತಣ್ಣೀರಲ್ಲಿ ಜಾಲಾಡಿಸಿ, ಬಟ್ಟೆಯಿಂದ ಒರೆಸದೆ ಬಳಸಿ. ಜಿಡ್ಡಿನ ಅಂಶ ಕಣ್ಣಿಗೆ ಕಾಣದಷ್ಟಿದ್ದರೂ ನೊರೆ ಕುಸಿದುಬಿಡುತ್ತದೆ, ಆಮೇಲೆ ಬಿಯರನ್ನು ದೂರಿ ಪ್ರಯೋಜನವಿಲ್ಲ. 8 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುರಿಯಿರಿ, 12–13ರವರೆಗೆ ಏರಲು ಬಿಡಿ. ಅಡುಗೆಯ ಥರ್ಮಾಮೀಟರ್ ಇದ್ದರೆ ಊಹೆಯ ಗೋಜಿಲ್ಲ.

ಮೊದಲ ಸುತ್ತಿನ ಕ್ರಮ ಶಿಮೇ, ವೆಸ್ಟ್‌ಮಾಲೆ, ಕಾರ್ಮೆಲಿಯೆಟ್. ಎರಡನೆಯದರಲ್ಲಿ ಇದನ್ನು ತಿರುಗಿಸಿ. ಕಾರ್ಮೆಲಿಯೆಟ್‌ನ ಸಿಹಿ ನಾಲಗೆಗೆ ಅಂಟಿದ ಮೇಲೆ ಶಿಮೇ ಕಷಾಯದಂತೆ ಕಹಿ ಎನಿಸುತ್ತದೆ. ಎರಡೂ ಕಡೆಯಿಂದ ನೋಡದೆ ಹೋದರೆ ಶಿಮೇಗೆ ಅನ್ಯಾಯ.

1966ರಲ್ಲಿ ಬಂದ ಶಿಮೇ ಬಿಳಿ ಲೇಬಲ್‌ನದು, 8 ಶೇಕಡಾ. ಇದರ ದೊಡ್ಡ ಬಾಟಲಿಯ ಹೆಸರು ಸೈಂಕ್ ಸಾಂ. ಬಣ್ಣದಲ್ಲಿ ಇದೇ ಮೂರರಲ್ಲಿ ಗಾಢ, ಕಿತ್ತಳೆಗೆ ತಿರುಗಿದ ಚಿನ್ನ. ಮೂಗಿಗೆ ಒಣದ್ರಾಕ್ಷಿ, ಮಸ್ಕಟ್ ದ್ರಾಕ್ಷಿ. ಬಾಯಲ್ಲಿ ಹಾಪ್ಸ್‌ನ (ಬಿಯರ್‌ಗೆ ಕಹಿ ಕೊಡುವ ಬಳ್ಳಿಯ ಹೂ) ಕಹಿ, ಕೊನೆಗೆ ಒಣ ಒಗರು. ಊಟದ ಜೊತೆ ಚೆನ್ನ. ಬರೀ ಸವಿಯಲು ಕೂತರೆ ಬೇಗ ಹೇಳುವುದೆಲ್ಲ ಹೇಳಿ ಮುಗಿಸುತ್ತದೆ.

ವೆಸ್ಟ್‌ಮಾಲೆಯ ಲೆಕ್ಕ ಬೇರೆ. ಬೆಲ್ಜಿಯಂನ ಆಂಟ್ವೆರ್ಪ್ ಪ್ರಾಂತ್ಯದ ಟ್ರಾಪಿಸ್ಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಪಂಗಡದ ಮಠದ್ದು. ಟ್ರಿಪೆಲ್ ಎಂಬ ಹೆಸರಿಗೆ ಅಳತೆಗೋಲೇ ಆಗಿರುವ ಇದು 1934ರಿಂದ ಇದೆ, ಈಗಿನ ಪಾಕ 1956ರದ್ದು. 9.5 ಶೇಕಡಾ ಇದ್ದರೂ ಬಾಯಲ್ಲಿ ಹಗುರ. ಕಾರಣ ಸಕ್ಕರೆ: ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ಸೇರಿಸಿದ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದು ಮುಗಿಸುತ್ತದೆ, ಆಲ್ಕೋಹಾಲ್ ಉಳಿಯುತ್ತದೆ, ಸಿಹಿ ಉಳಿಯುವುದಿಲ್ಲ. ಸಕ್ಕರೆ ಹಾಕಿದರೆ ಬಿಯರ್ ಸಿಹಿಯಾಗುತ್ತದೆ ಎಂದುಕೊಂಡವರು ಇಲ್ಲಿ ಎಡವುತ್ತಾರೆ. 5 ಡಿಗ್ರಿಯಲ್ಲಿ ಇದು ಬರೀ ಕಹಿ, ಬರೀ ಆಲ್ಕೋಹಾಲ್‌ನ ಉರಿ. 10 ದಾಟಿದ ಮೇಲೆ ಕಳಿತ ಬಾಳೆಹಣ್ಣು, ಕಿತ್ತಳೆ ಸಿಪ್ಪೆ, ಆಗಷ್ಟೇ ಕುಟ್ಟಿದ ಕಾಳುಮೆಣಸು ಒಂದೊಂದಾಗಿ ಮೇಲೇಳುತ್ತವೆ. ಬಾಳೆಹಣ್ಣಿನ ವಾಸನೆ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರ್‌ನದು (ಹಣ್ಣಿನ ಪರಿಮಳದ ರಾಸಾಯನಿಕ), ಮಸಾಲೆಯ ಛಾಯೆ ಫೀನಾಲ್ ಎಂಬ ಬೇರೆ ರಾಸಾಯನಿಕಗಳದು. ಎರಡನ್ನೂ ಮಾಡುವುದು ಯೀಸ್ಟೇ.

ಬೊಸ್ಟೇಲ್ಸ್ ಬ್ರೂವರಿಯ ಕಾರ್ಮೆಲಿಯೆಟ್ 1996ರದ್ದು, 8.4 ಶೇಕಡಾ. ಹೆಸರು ಕಾರ್ಮೆಲೈಟ್ ಸನ್ಯಾಸಿಗಳದ್ದಾದರೂ ಬಾಟಲಿಯ ಮೇಲೆ ಟ್ರಾಪಿಸ್ಟ್ ಮುದ್ರೆ ಇಲ್ಲ. 2016ರಿಂದ ಬ್ರೂವರಿ ಎಬಿ ಇನ್‌ಬೆವ್ ಎಂಬ ದೊಡ್ಡ ಬಿಯರ್ ಕಂಪನಿಯ ಕೈಯಲ್ಲಿದೆ. ಬಾರ್ಲಿಯ ಜೊತೆ ಗೋಧಿ, ಓಟ್ಸ್ ಬಿದ್ದಿರುವುದರಿಂದ ನೊರೆ ಬೆಣ್ಣೆಯಂತೆ ನಿಲ್ಲುತ್ತದೆ, ಗುಟುಕು ರೇಷ್ಮೆಯಂತೆ ಇಳಿಯುತ್ತದೆ. ವೆನಿಲಾ, ನಿಂಬೆ, ಬಾಳೆ. ಟ್ರಿಪೆಲ್ ಕುಡಿದೇ ಇಲ್ಲದವರಿಗೆ ಮೊದಲು ಕೊಡಬೇಕಾದದ್ದು ಇದೇ. ಆದರೆ 12 ಡಿಗ್ರಿಗೆ ಬಂದರೆ ಸಿಹಿ ಜಿಗುಟಾಗುತ್ತದೆ, ವೆನಿಲಾ ಉಳಿದದ್ದನ್ನೆಲ್ಲ ಮುಚ್ಚಿಹಾಕುತ್ತದೆ. 6–8ರಲ್ಲೇ ಮುಗಿಸುವುದು ಮೇಲು.

ಕೆಟ್ಟ ಬಾಟಲಿಯನ್ನು ಕೆಟ್ಟ ಬಿಯರ್ ಎಂದುಕೊಳ್ಳಬೇಡಿ. ನೆನೆದ ರಟ್ಟಿನ ವಾಸನೆ ಬಂದರೆ ಆಮ್ಲಜನಕ ತಾಗಿ ಹಳಸಿದೆ ಎಂದರ್ಥ. ಬಿಸಿಲು ಕಾಯುವ ಗೋದಾಮಿನಲ್ಲಿದ್ದ ಬಾಟಲಿಗಳಲ್ಲಿ ಇದು ಬೇಗ. ನಾತ ಹೊಡೆಯುವ ಕೊಳಕು ಗಂಧಕದ ವಾಸನೆಯಾದರೆ ಹಾಪ್ಸ್‌ಗೆ ಬೆಳಕು ಬಿದ್ದಿದೆ. ಕಾಲ ಸರಿದಂತೆ ಹಾಪ್ಸ್ ಸೊರಗಿ ಜೇನಿನ ಛಾಯೆ ಏಳುತ್ತದೆ, ಕೆಲವರಿಗೆ ಅದೇ ಇಷ್ಟ. ಹೋಲಿಸುವಾಗ ಮಾತ್ರ ಮೂರೂ ಬಾಟಲಿಗಳ ತಾರೀಕು ಹತ್ತಿರಹತ್ತಿರ ಇರಲಿ.

ಪಕ್ಕದಲ್ಲಿ ಸಪ್ಪೆ ಬ್ರೆಡ್, ನೀರು ಇರಲಿ. ಖಾರದ ಕಡಲೆಬೀಜ ಬೇಡವೇ ಬೇಡ, ಮೆಣಸಿನಕಾಯಿಯ ಉರಿ ಆಲ್ಕೋಹಾಲ್‌ನ ಉರಿಯನ್ನು ಹೆಚ್ಚಿಸುತ್ತದೆ. ಸುರಿಯುವಾಗ ತಳದಲ್ಲಿ ಒಂದು ಬೆರಳಷ್ಟು ಬಿಟ್ಟು ನಿಲ್ಲಿಸಿ. ಆ ಗಸಿಯನ್ನು ಕೊನೆಗೆ ಚಿಕ್ಕ ಗ್ಲಾಸಿಗೆ ಬೇರೆಯಾಗಿ ಸುರಿದುಕೊಂಡು ನೋಡಬಹುದು: ಬ್ರೆಡ್ ಹಿಟ್ಟಿನ ಮಂದ ರುಚಿ, ಸ್ವಲ್ಪ ಕಹಿ.