ಹೇಡಿ ರಾಜ ವಾಪೋಲ್: ಮಂಗಾ, ಅನಿಮೆ, ಸಿನಿಮಾ – ಯಾವುದರಲ್ಲಿ ನೋಡಬೇಕು?

ಐದೇ ಐದು ಜನ ಕಡಲ್ಗಳ್ಳರು ಬಂದಿದ್ದಕ್ಕೆ ಪ್ರಜೆಗಳನ್ನು ಬಿಟ್ಟು ಎಲ್ಲರಿಗಿಂತ ಮೊದಲು ಓಡಿಹೋದ ರಾಜ ವಾಪೋಲ್. 'ಒನ್ ಪೀಸ್' ಅನ್ನುವ ಜಪಾನಿನ ಕಡಲ್ಗಳ್ಳರ ಕಥೆಯಲ್ಲಿ ಬರುವ ಡ್ರಮ್ ದ್ವೀಪದ ದೊರೆ. ದೇಶದ ವೈದ್ಯರನ್ನೆಲ್ಲ ಹೊರಗಟ್ಟಿ, ಇಪ್ಪತ್ತು ಜನರನ್ನು ಮಾತ್ರ ತನ್ನ ಕೈಯಲ್ಲಿ ಇಟ್ಟುಕೊಂಡವನು. ಮಗುವಿಗೆ ಜ್ವರ ಬಂದರೂ ಅವನ ಕಾಲಿಗೇ ಬೀಳಬೇಕು.

ಇವನನ್ನು ನಾನು ಮೂರು ಕಡೆ ನೋಡಿದ್ದೇನೆ. ಮೊದಲು ಅನಿಮೆ (ಜಪಾನಿ ಕಾರ್ಟೂನ್ ಸರಣಿ), ಆಮೇಲೆ ಮಂಗಾ (ಜಪಾನಿ ಕಾಮಿಕ್ ಪುಸ್ತಕ), ಮೊನ್ನೆ ಭಾನುವಾರ ಸಿನಿಮಾ. ನನ್ನ ಅಳತೆ ಒಂದೇ: ನಗು ಬರಬೇಕು, ನಗ್ತಾ ಇರುವಾಗಲೇ ಮೈ ಉರಿಯಬೇಕು. ಬರೀ ನಗು ಸಾಕಿದ್ದರೆ ನಮ್ಮ ಉತ್ತರಕುಮಾರ ಇದ್ದಾನಲ್ಲ. ಅವನ ಪೌರುಷ ಒಲೆಯ ಮುಂದೆ, ಅಷ್ಟೇ. ಅದರಿಂದ ಯಾರ ಮನೆಯೂ ಹಾಳಾಗಲಿಲ್ಲ. ವಾಪೋಲ್ ಕೈಯಲ್ಲಿ ಒಂದು ದೇಶ ಇದೆ.

ಮಂಗಾದಲ್ಲಿ ಈ ಕಥೆ 130ರಿಂದ 154ನೇ ಅಧ್ಯಾಯದವರೆಗೆ, 15ರಿಂದ 17ನೇ ಸಂಪುಟಗಳಲ್ಲಿ ಬರುತ್ತದೆ. ಮೂರು ಸಂಪುಟ ಸೇರಿಸಿದ ಇಂಗ್ಲಿಷ್ ದಪ್ಪ ಪುಸ್ತಕ ತಗೊಳ್ಳುವವರು ಒಂದು ವಿಷಯ ಗಮನಿಸಿ. ಕಥೆ ಐದನೆಯದರ ಕೊನೆಯಲ್ಲಿ ಶುರುವಾಗಿ ಆರನೆಯದಕ್ಕೆ ಹೋಗುತ್ತದೆ. ಎರಡೂ ಬೇಕು. ನಾನು ಐದನೆಯದನ್ನು ಮಾತ್ರ ತಂದು, ಆರನೆಯದು ಬರುವ ತನಕ ಚಡಪಡಿಸಿದೆ.

ಮಂಗಾದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಒಂದು ಏಟು. ರಾಜರೆಲ್ಲ ಸೇರಿದ ಸಭೆ. ಹತ್ತು ವರ್ಷದ ರಾಜಕುಮಾರಿ ವಿವಿಗೆ ವಾಪೋಲ್ ಬೇಕಂತಲೇ ಹೊಡೆಯುತ್ತಾನೆ. 'ಕೈ ಜಾರಿತು' ಅನ್ನುತ್ತಾನೆ. ಜಗಳ ಹತ್ತಿದರೆ ಎರಡು ದೇಶಗಳ ನಡುವೆ ಯುದ್ಧವೇ ಆಗಬಹುದು ಅಂತ ಆ ಹುಡುಗಿಗೆ ಗೊತ್ತು. ಅವಳೇ ಕ್ಷಮೆ ಕೇಳುತ್ತಾಳೆ! ಅಳುವುದು ಆಚೆ ಹೋದಮೇಲೆ. ಅಪ್ಪನ ಜೊತೆ ವೈರ ಇರುವವನು ಮಗುವಿನ ಮೇಲೆ ಕೈ ಮಾಡುತ್ತಾನೆ, ಅದನ್ನೂ ಒಪ್ಪಿಕೊಳ್ಳುವುದಿಲ್ಲ. ಹೇಡಿತನ ಅಂದರೆ ಇದು, ಅಲ್ವಾ? ಪುಟದಲ್ಲಿ ಎಷ್ಟು ಹೊತ್ತು ಬೇಕಾದರೂ ಆ ಮುಖ ನೋಡುತ್ತಾ ಕೂರಬಹುದು. ತೆರೆಯ ಮೇಲೆ ಅದು ಬಂದು ಹೋಗಿಬಿಡುತ್ತದೆ.

ಕೊನೆಯ ಓಟವೂ ಮಂಗಾದಲ್ಲೇ ಚೆಂದ. ಏನು ಬೇಕಾದರೂ ತಿನ್ನುವ ಶಕ್ತಿ ಇವನದು. ಬೇಗ ಓಡಬೇಕು ಅಂತ ತನ್ನನ್ನೇ ತಿಂದು ಸಣ್ಣಗಾಗುತ್ತಾನೆ. ಶಸ್ತ್ರಾಗಾರಕ್ಕೆ ಓಡಿದರೆ ಬೀಗದ ಕೈ ಇಲ್ಲ, ಕಥೆಯ ನಾಯಕ ಲೂಫಿಯ ಗುಂಪಿನ ನಾಮಿ ಆಗಲೇ ಎಗರಿಸಿದ್ದಾಳೆ. ಮೇಲೆ ಫಿರಂಗಿ ಹತ್ತಿರ ಹೋದರೆ ಅದರಲ್ಲಿ ಹಕ್ಕಿಗಳು ಗೂಡು ಕಟ್ಟಿವೆ. ಆಮೇಲೆ ಲೂಫಿ ಮುಂದೆ ಗೋಗರೆಯುವುದು, ಪದವಿ ಕೊಡ್ತೀನಿ ಅನ್ನುವುದು. ನಮ್ಮಲ್ಲೂ ಇಂಥ ದೊಡ್ಡ ಮನುಷ್ಯರನ್ನು ನೋಡಿಲ್ಲವೇ, ಹೆಸರು ಬೇಡ ಬಿಡಿ.

2001ರ ಅನಿಮೆಯಲ್ಲಿ ಇದೆಲ್ಲ 78ರಿಂದ 91ರವರೆಗಿನ 14 ಕಂತು. ಇತ್ತೀಚಿನ ಕಂತುಗಳ ಎಳೆದಾಟ ನೋಡಿದವರಿಗೆ ಇದು ಓಟವೇ. ಇಲ್ಲಿ ಗೆಲ್ಲುವುದು ದನಿ. ವಾಪೋಲ್‌ಗೆ ದನಿ ಕೊಟ್ಟ ಬಿನ್ ಶಿಮಾದಾ ಅವರ ಆ 'ಮಾಹಹಹಾ' ನಗು ಕೇಳಿದ ಮೇಲೆ ಪುಸ್ತಕ ಓದುವಾಗಲೂ ಅದೇ ಕಿವಿಯಲ್ಲಿ. ಇಪ್ಪತ್ತು ವೈದ್ಯರಿಗೂ ಕಾಯಿಲೆ ಅಂತ ಸುಳ್ಳು ಸುದ್ದಿ ಹಬ್ಬಿಸಿ, ಮುದುಕ ವೈದ್ಯ ಹಿರುಲುಕ್‌ನನ್ನು ಅರಮನೆಗೆ ಬರಮಾಡಿಕೊಳ್ಳುವ ದೃಶ್ಯ ಇದೆಯಲ್ಲ, ಅಲ್ಲಿ ಸಂಗೀತ ಕಣ್ಣು ತೇವ ಮಾಡುತ್ತದೆ. ಬಂದೂಕುಗಳ ಮುಂದೆ ನಿಂತ ಆ ಮುದುಕ, ಸದ್ಯ ಯಾರಿಗೂ ಕಾಯಿಲೆ ಇಲ್ಲವಲ್ಲ ಅಂತ ನಿಟ್ಟುಸಿರು ಬಿಡುತ್ತಾನೆ. ಆಮೇಲೆ ಕೇಳುವ ವಾಪೋಲ್ ನಗು ಅನಿಮೆಯಲ್ಲೇ ಜಾಸ್ತಿ ಚುಚ್ಚುತ್ತದೆ. ನನಗೊಂದು ತಕರಾರು: ಉಳಿದ ಕಡೆ ಆ ದನಿ ಎಷ್ಟು ಮಜವಾಗಿದೆ ಅಂದರೆ, ಅವನ ಮೇಲೆ ಸ್ವಲ್ಪ ಪ್ರೀತಿಯೇ ಬಂದುಬಿಡುತ್ತದೆ.

2008ರ ಸಿನಿಮಾಗೆ ಜಾಸ್ತಿ ಜಾಗ ಕೊಡುವುದಿಲ್ಲ. ಚಿತ್ರಗಳು ನುಣುಪು, ಹಿಮ ಚೆನ್ನಾಗಿದೆ, ಹಿರುಲುಕ್ ಭಾಗಕ್ಕೆ ಏನೂ ಕೊರತೆ ಇಲ್ಲ. ಆದರೆ ವಿವಿಯೇ ಇಲ್ಲ. ಅವಳಿಲ್ಲದ ಮೇಲೆ ಆ ಏಟೂ ಇಲ್ಲ. ಮೇಲಿಂದ ವಾಪೋಲ್‌ಗೆ ಮುಶೂಲ್ ಅಂತ ಒಬ್ಬ ಅಣ್ಣನನ್ನು ಅಂಟಿಸಿದ್ದಾರೆ, ಅಣಬೆಯ ಶಕ್ತಿ ಇರುವವನು. ಜೊತೆಗೆ ಕೂತಿದ್ದ ತಂಗಿ ಮಗ ಕೇಳಿಯೇಬಿಟ್ಟ, "ಮಾವ, ಇದ್ರಲ್ಲಿ ವಿಲನ್ ಯಾರು, ಅಣಬೆನಾ?" ಬೆನ್ನಿಗೆ ಅಣ್ಣ ನಿಂತ ಮೇಲೆ ವಾಪೋಲ್ ಸುಮ್ನೆ ಒಬ್ಬ ತಮ್ಮ. ಅವಿತುಕೊಳ್ಳಲು ಎಲ್ಲೂ ಜಾಗ ಇಲ್ಲದಾಗಲೇ ಈ ರಾಜನ ನಿಜವಾದ ಬಣ್ಣ ಕಾಣುವುದು.

ಹಾಗಾಗಿ ನನ್ನ ಓಟು ಮಂಗಾಗೆ. ಹಿರುಲುಕ್‌ಗಾಗಿ ಅನಿಮೆಯ ಆ ಕಂತುಗಳನ್ನೂ ನೋಡಿ. ಸಿನಿಮಾ ಬಿಟ್ಟರೂ ನಷ್ಟ ಇಲ್ಲ.

ಮಂಗಾ ಓದುವವರಿಗೆ ಇನ್ನೊಂದು ಲಾಭವೂ ಇದೆ. ಸೋತ ವಾಪೋಲ್ ಬೀದಿಗೆ ಬಿದ್ದು, ಕಸ ತಿಂದು ಆಟಿಕೆ ಮಾಡಿ, ಮತ್ತೆ ಶ್ರೀಮಂತನಾಗುವ ಕಥೆಯನ್ನು ಲೇಖಕ ಓಡಾ ಅಧ್ಯಾಯಗಳ ಮೊದಲ ಪುಟದ ಚಿತ್ರಗಳಲ್ಲೇ ಹೇಳಿದ್ದಾರೆ. 2023ರ ಅಧ್ಯಾಯಗಳಲ್ಲಂತೂ (ಅಲ್ಲಿಯವರೆಗೆ ಓದದವರು ಇಲ್ಲೇ ನಿಲ್ಲಿಸಿ) ಕೇಳಬಾರದ ಗುಟ್ಟು ಕೇಳಿಸಿಕೊಂಡು ಮತ್ತೆ ಓಡುತ್ತಾನೆ. ಈ ಸಲ ಅವನ ಜೊತೆ ತಪ್ಪಿಸಿಕೊಳ್ಳುವವಳು ಅದೇ ವಿವಿ. ಅದನ್ನು ಓದಿದ ರಾತ್ರಿ ಆರನೇ ಪುಸ್ತಕ ತೆಗೆದು, ಆ ಏಟಿನ ಪುಟವನ್ನು ಮತ್ತೊಮ್ಮೆ ನೋಡಿದೆ.