ಡಾರ್ಕ್‌ಟೇಬಲ್ ಜೊತೆ ಎರಡು ವರ್ಷ: ನನ್ನ ಹೊತ್ತು ತಿಂದಿದ್ದು ಎಡಿಟಿಂಗ್ ಅಲ್ಲ

ಯಾವುದಾದರೂ ಸಮಾರಂಭ ಮುಗಿಸಿ ಬಂದರೆ ನನ್ನ ಕಾರ್ಡ್‌ನಲ್ಲಿ 800 ಫೋಟೋ ಇರುತ್ತವೆ. ಇನ್ನೊಬ್ಬರಿಗೆ ತೋರಿಸುವಂಥವು 60. ಉಳಿದವುಗಳಲ್ಲಿ ಯಾರೋ ಕಣ್ಣು ಮುಚ್ಚಿರುತ್ತಾರೆ, ಇಲ್ಲವೇ ಫೋಕಸ್ ಹೋಗಿ ಹಿಂದಿನ ಪರದೆ ಮೇಲೆ ಕೂತಿರುತ್ತದೆ. ಫೋಟೋ ಸಾಫ್ಟ್‌ವೇರ್ ಹೋಲಿಸುವವರೆಲ್ಲ ಬಣ್ಣ, ಎಐ ಅಂತ ಮಾತಾಡುತ್ತಾರೆ. ನನ್ನ ಹೊತ್ತೆಲ್ಲ ಹೋಗೋದು ಆ 740 ಫೋಟೋಗಳನ್ನು ಆಚೆ ಹಾಕೋದರಲ್ಲಿ.

ಮೊದಲ ನಾಲ್ಕು ವರ್ಷ ತಿಂಗಳ ಬಾಡಿಗೆ ಕಟ್ಟುವ ಒಂದು ಸಾಫ್ಟ್‌ವೇರ್ ಬಳಸಿದೆ. ಹೆಸರು ಬೇಡ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಬಾಣದ ಕೀ ಒತ್ತಿದಾಗಲೆಲ್ಲ ಮೊದಲು ಮಸುಕು ಚಿತ್ರ ಬರುತ್ತಿತ್ತು, ಮೂರು ಸೆಕೆಂಡ್ ಆದ ಮೇಲೆ ತಿಳಿಯಾಗುತ್ತಿತ್ತು. 800 ಸಲ ಮೂರು ಸೆಕೆಂಡ್ ಅಂದರೆ 40 ನಿಮಿಷ. ಸುಮ್ನೆ ಕಾಯೋದಕ್ಕೂ ಬಾಡಿಗೆ ಕೊಟ್ಟ ಹಾಗಾಯಿತು, ಅಲ್ವಾ?

ಆ ಸಿಟ್ಟಿನಲ್ಲೇ ಫೋಟೋ ಆರಿಸಿ ತಿದ್ದುವ ಡಾರ್ಕ್‌ಟೇಬಲ್ ಸಾಫ್ಟ್‌ವೇರ್ ಹಾಕಿಕೊಂಡೆ. ಉಚಿತ, ಓಪನ್ ಸೋರ್ಸ್, 2009ರಿಂದ ಇದೆ. ಮೊದಲ ವಾರ ಸಿಟ್ಟು ಇನ್ನೂ ಜಾಸ್ತಿಯಾಯಿತು. ಬಲಗಡೆ ಮಾಡ್ಯೂಲ್‌ಗಳ ದಂಡು, ಒಂದೊಂದು ತಿದ್ದುಪಡಿಗೆ ಒಂದೊಂದು. ಎಕ್ಸ್‌ಪೋಷರ್ ಸರಿ, ಈ ಫಿಲ್ಮಿಕ್ ಆರ್‌ಜಿಬಿ ಏನಪ್ಪಾ? ಕ್ಯಾಮೆರಾದಲ್ಲಿ ಮಿನುಗುತ್ತಿದ್ದ ಫೋಟೋ ಇಲ್ಲಿ ಸಪ್ಪೆಯಾಗಿ ಕಾಣುತ್ತಿತ್ತು. ಕ್ಯಾಮೆರಾ ತನ್ನ ಪರದೆಯಲ್ಲಿ ತೋರಿಸೋದು ತಾನೇ ಕಾಂಟ್ರಾಸ್ಟ್, ಬಣ್ಣ ಬೆರೆಸಿದ ಜೆಪೆಗ್, ಸೆನ್ಸರ್ ಹಿಡಿದದ್ದನ್ನು ಹಾಗೇ ಇಟ್ಟುಕೊಳ್ಳುವ ರಾ ಫೈಲ್‌ಗೆ ಆ ಅಲಂಕಾರ ಇರೋದಿಲ್ಲ ಅಂತ ಆಮೇಲೆ ಗೊತ್ತಾಯಿತು. ಬೆಳಕು-ನೆರಳನ್ನು ಪರದೆಗೆ ಹೊಂದಿಸೋ ಕೆಲಸಕ್ಕೆ ಈಗ ಫಿಲ್ಮಿಕ್ ಬದಲು ಸಿಗ್ಮಾಯ್ಡ್ ಮಾಡ್ಯೂಲ್ ಬಳಸುತ್ತೇನೆ. ಕಾಂಟ್ರಾಸ್ಟ್ ಒಂದು ಸ್ವಲ್ಪ ಎಳೆದರೆ ನನಗೆ ಸಾಕು.

ಮನಸ್ಸು ಕರಗಿದ್ದು ಒಂದು ಸೆಟ್ಟಿಂಗ್‌ನಿಂದ. ಕ್ಯಾಮೆರಾದ ಅದೇ ಜೆಪೆಗ್ ರಾ ಫೈಲ್ ಒಳಗೇ ಅಡಗಿರುತ್ತದೆ. ಫೋಟೋಗಳನ್ನು ಹರಡಿ ನೋಡುವ ಲೈಟ್‌ಟೇಬಲ್ ಪರದೆಯಲ್ಲಿ ರಾ ಬದಲು ಅದನ್ನೇ ತೋರಿಸು ಅಂತ ಹೇಳಬಹುದು. ಹೇಳಿದೆ. ಕೀ ಒತ್ತಿದ ಹಾಗೆ ಫೋಟೋ ಪಟಪಟ ಸರಿಯತೊಡಗಿದವು.

ಈಗ ರಾತ್ರಿ ಎಲ್ಲರೂ ಮಲಗಿದ ಮೇಲೆ ಕೂರುತ್ತೇನೆ. ಬಲಗೈ ಬಾಣದ ಕೀ ಮೇಲೆ, ಎಡಗೈ ಆರ್ ಮೇಲೆ. ಆರ್ ಒತ್ತಿದರೆ ರಿಜೆಕ್ಟ್. ಮೊದಲ ಸುತ್ತಿನಲ್ಲಿ ಜೂಮ್ ಮಾಡೋ ಹಾಗಿಲ್ಲ, ಯೋಚನೆಯನ್ನೂ ಮಾಡೋ ಹಾಗಿಲ್ಲ, ಅದು ನನ್ನದೇ ನಿಯಮ. ಎರಡನೇ ಸುತ್ತಿನಲ್ಲಿ ಒಂದೇ ಕ್ಷಣದ ನಾಲ್ಕು ಫೋಟೋಗಳನ್ನು ಕಲ್ಲಿಂಗ್ ಮೋಡ್‌ನಲ್ಲಿ ಅಕ್ಕಪಕ್ಕ ಇಡುತ್ತೇನೆ. ಕಂಟ್ರೋಲ್ ಹಿಡಿದು ಮೌಸ್ ಚಕ್ರ ತಿರುಗಿಸಿದರೆ ನಾಲ್ಕೂ ಒಟ್ಟಿಗೇ ದೊಡ್ಡದಾಗುತ್ತವೆ. ನಾಲ್ಕು ಜೊತೆ ಕಣ್ಣು ಸಾಲಾಗಿ ನನ್ನನ್ನೇ ನೋಡುತ್ತವೆ. ಯಾವ ರೆಪ್ಪೆ ಚೂಪಾಗಿದೆಯೋ ಅದಕ್ಕೆ ಮೂರು ಸ್ಟಾರ್. ಆಮೇಲಿನದು ಬೇಗ ಮುಗಿಯುತ್ತದೆ. ಒಂದನ್ನು ಸರಿ ಮಾಡಿ, ಅದರ ಹಿಸ್ಟರಿ (ಮಾಡಿದ ತಿದ್ದುಪಡಿಗಳ ಪಟ್ಟಿ) ಕಾಪಿ ಮಾಡಿ, ಅದೇ ಬೆಳಕಿನಲ್ಲಿ ತೆಗೆದ ಉಳಿದವಕ್ಕೆಲ್ಲ ಪೇಸ್ಟ್.

ಎಡಿಟ್‌ಗಳ ಲೆಕ್ಕ ಪ್ರತಿ ಫೋಟೋ ಪಕ್ಕದಲ್ಲೇ ಸಣ್ಣ ಎಕ್ಸ್‌ಎಂಪಿ ಫೈಲ್‌ನಲ್ಲಿ ಇರುತ್ತದೆ. ಒಮ್ಮೆ ಫೋಲ್ಡರ್ ಎತ್ತಿ ಬೇರೆ ಕಂಪ್ಯೂಟರ್‌ಗೆ ಹಾಕಿದೆ, ಮಾಡಿದ ಕೆಲಸ ಹಾಗೇ ಇತ್ತು. ಬಾಡಿಗೆ ಸಾಫ್ಟ್‌ವೇರ್‌ನ ಹಳೇ ಎಡಿಟ್‌ಗಳು ಮಾತ್ರ ಇಲ್ಲಿಗೆ ಪೂರ್ತಿ ಬರೋದಿಲ್ಲ. ಬಿಟ್ಟು ಬರೋ ಮುಂಚೆ ಅವನ್ನೆಲ್ಲ ಜೆಪೆಗ್ ಮಾಡಿಟ್ಟುಕೊಂಡೆ, ನೀವೂ ಹಾಗೇ ಮಾಡಿ.

ಬಾಡಿಗೆ ಸಾಫ್ಟ್‌ವೇರ್‌ನಲ್ಲಿ ಒಂದೇ ಕ್ಲಿಕ್‌ಗೆ ಆಕಾಶ ಬೇರೆ, ಮನುಷ್ಯ ಬೇರೆ ಆಗುತ್ತಿತ್ತು. ನನ್ನ ಡಾರ್ಕ್‌ಟೇಬಲ್ ಆವೃತ್ತಿಯಲ್ಲಿ ಮಾಸ್ಕ್, ಅಂದರೆ ತಿದ್ದಬೇಕಾದ ಭಾಗದ ಗಡಿ, ಕೈಯಲ್ಲೇ ಬರೆಯಬೇಕು. ಕೂದಲಿನ ಅಂಚು ಬಂದಾಗ ಇವತ್ತಿಗೂ ಬೈದುಕೊಳ್ಳುತ್ತೇನೆ. ದಿನಾ ಹತ್ತಾರು ಭಾವಚಿತ್ರ ತಿದ್ದಿ ಅದರಿಂದಲೇ ದುಡಿಯುವವರಾದರೆ ಬಾಡಿಗೆಯನ್ನೇ ಕಟ್ಟಿ, ನಾನು ಬೇಡ ಅನ್ನೋದಿಲ್ಲ. ತಿಂಗಳಿಗೆ ಎರಡು ಸಲ ಕ್ಯಾಮೆರಾ ಎತ್ತುವ ನನಗೆ ಆ ಖರ್ಚು ದಂಡ.

ನಾಯ್ಸ್ (ಕಡಿಮೆ ಬೆಳಕಿನ ಫೋಟೋದಲ್ಲಿ ಕಾಣುವ ಕಾಳುಕಾಳು) ತೆಗೆಯೋದು ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಲ್ಯಾಪ್‌ಟಾಪ್‌ಗೆ ಭಾರ. ಹಾಗಾಗಿ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. 60 ಫೋಟೋಕ್ಕೂ ಒಟ್ಟಿಗೇ ಹಾಕಿ, ಎಕ್ಸ್‌ಪೋರ್ಟ್ ಒತ್ತಿ, ಮಲಗಲು ಹೋಗುತ್ತೇನೆ. ಫ್ಯಾನ್ ಗುಯ್‌ಗುಡುತ್ತಾ ಇರುತ್ತದೆ, ಬೆಳಗ್ಗೆ ಎದ್ದರೆ ಫೋಲ್ಡರ್ ಸಿದ್ಧ.